ಬೇನೆ ಅವಳದು, ಸಹಿ ಯಾರದು?

ಹಲ್ಲು ಕೀಳಿಸಲು ಹೋದ ಗಂಡಸಿಗೆ ಡಾಕ್ಟರು, “ಮರಗಟ್ಟೋ ಇಂಜೆಕ್ಷನ್ ಯಾಕ್ರೀ? ತಡ್ಕೊಳ್ಳಿ. ನಿಮ್ಮ ತಾತ ತಡ್ಕೊಂಡಿರಲಿಲ್ವಾ?” ಅಂದದ್ದನ್ನು ಯಾರಾದರೂ ಕೇಳಿದ್ದೀರಾ?

ಕೇಳಿರಲಾರಿರಿ. ಹಾಗಂದರೆ ಆ ಗಂಡಸು ಕುರ್ಚಿಯಿಂದ ಎದ್ದು ಚಪ್ಪಲಿ ಹುಡುಕುತ್ತಾನೆ. ಮೆಟ್ಟಿಕೊಳ್ಳಲಿಕ್ಕೋ, ತೋರಿಸಲಿಕ್ಕೋ ಅನ್ನುವುದು ಅವನವನ ಸ್ವಭಾವಕ್ಕೆ ಬಿಟ್ಟದ್ದು.

ಒಂದು ಹಲ್ಲಿಗೆ, ಹತ್ತು ನಿಮಿಷದ ಕೆಲಸಕ್ಕೆ ಇಷ್ಟು ಮರ್ಯಾದೆ. ಅದೇ ಚೊಚ್ಚಲ ಬಸುರಿಯೊಬ್ಬಳು ಹನ್ನೆರಡು ತಾಸು, ಹದಿನಾರು ತಾಸು ಬೇನೆ ಉಂಡು, “ಅಮ್ಮಾ, ಆಗಲ್ಲ, ಏನಾದ್ರೂ ಕೊಡಿ” ಎಂದು ಕೂಗಿದಾಗ ಮಾತ್ರ ಇಡೀ ಲೋಕಕ್ಕೆ ಉಪದೇಶ ನೆನಪಾಗುತ್ತದೆ. ಆಯಾ “ಊರಲ್ಲಿ ಎಲ್ಲರೂ ಹೆರಲ್ವಾ?” ಅನ್ನುತ್ತಾಳೆ. ಅತ್ತೆ “ನಾವು ನಾಲ್ಕು ಹೆತ್ತೆವು, ಒಂದು ಸದ್ದು ಮಾಡಲಿಲ್ಲ” ಅನ್ನುತ್ತಾಳೆ. ಹೊರಗೆ ಬೆಂಚಿನ ಮೇಲೆ ಕೂತ ಗಂಡ ಮೊಬೈಲ್ ಒತ್ತುತ್ತಾ “ಡಾಕ್ಟರು ಹೇಳಿದ ಹಾಗೆ” ಅನ್ನುತ್ತಾನೆ. ಡಾಕ್ಟರು “ಮನೆಯವರು ಸಹಿ ಮಾಡಲಿ” ಅನ್ನುತ್ತಾರೆ. ಎಲ್ಲರೂ ಮಾತಾಡಿದರು. ಬೇನೆ ತಿನ್ನುತ್ತಿರುವವಳನ್ನು ಯಾರಾದರೂ ಕೇಳಿದರಾ?

ಈ ಲೇಖನದ ಮಾತು ಒಂದೇ. ಹೆರಿಗೆ ನೋವಿಗೆ ಔಷಧಿ ಬೇಕೋ ಬೇಡವೋ ಎಂದು ತೀರ್ಮಾನಿಸುವವಳು ಹೆರುವವಳು. ಆ ತೀರ್ಮಾನ ನಿಜವಾಗಬೇಕಾದರೆ ವಿಷಯವನ್ನು ಅವಳಿಗೆ ಮುಂಚೆಯೇ, ಅವಳ ಭಾಷೆಯಲ್ಲಿ ಹೇಳಿರಬೇಕು. ಬೇನೆ ಹತ್ತಿದ ಮೇಲೆ ಇಂಗ್ಲಿಷ್ ಕಾಗದ ಮುಂದಿಟ್ಟು “ಇಲ್ಲಿ ಸೈನ್ ಮಾಡಿ” ಅನ್ನುವುದು ಒಪ್ಪಿಗೆಯಲ್ಲ, ದಬ್ಬಾಳಿಕೆ.

“ಇದು ಹೆಂಗಸರ ವಿಷಯ, ನಮಗ್ಯಾಕೆ?” ಎಂದು ಪುಟ ತಿರುವಲು ಹೊರಟ ಹುಡುಗರೇ, ಸ್ವಲ್ಪ ತಡೆಯಿರಿ. ನಾಳೆ ಆ ಬೆಂಚಿನ ಮೇಲೆ ಕೂರುವವರು ನೀವೇ. ನಾಡು ನುಡಿಯ ವಿಷಯಕ್ಕೆ ಬೀದಿಗಿಳಿಯುವ ನಿಮಗೆ, ನಿಮ್ಮ ಮನೆಯ ಹೆಣ್ಣುಮಗಳಿಗೆ ಅರ್ಥವಾಗದ ಭಾಷೆಯಲ್ಲಿ ಅವಳ ಮೈಯ ಲೆಕ್ಕ ಬರೆಯುವುದು ಕಾಣದಿದ್ದರೆ ಆ ಹೋರಾಟಕ್ಕೆ ಏನರ್ಥ?

ರಾಣಿಗೆ ಸಿಕ್ಕ ಮೇಲೆ ಬಾಯಿ ಮುಚ್ಚಿದರು

“ನೋವು ತಿಂದರೇನೇ ತಾಯಿ” ಅನ್ನುವ ಮಾತು ನಮ್ಮ ಸಂಸ್ಕೃತಿಯ ಸೊತ್ತು ಎಂದು ಕೆಲವರು ತಿಳಿದಿದ್ದಾರೆ. ಇಲ್ಲ ಸ್ವಾಮಿ. ಈ ಬೊಗಳೆಯನ್ನು ಲೋಕವೆಲ್ಲ ಬಿಟ್ಟಿದೆ.

1847ರ ಜನವರಿಯಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ವೈದ್ಯ ಜೇಮ್ಸ್ ಯಂಗ್ ಸಿಂಪ್ಸನ್ ಹೆರಿಗೆಯ ಹೆಂಗಸಿಗೆ ಈಥರ್ ಕೊಟ್ಟರು. ಅದೇ ವರ್ಷದ ನವೆಂಬರಿನಲ್ಲಿ ಕ್ಲೋರೋಫಾರ್ಮ್ ಕೊಟ್ಟರು. ಗಲಾಟೆ ಎದ್ದಿತು. ಹೆಣ್ಣು ನೋವಿನಲ್ಲೇ ಹೆರಬೇಕು ಎಂದು ಬೈಬಲ್ಲಿನಲ್ಲಿದೆ, ಅದನ್ನು ತಪ್ಪಿಸುವುದು ದೈವದ್ರೋಹ ಎಂದು ಕೆಲವರು ಕೂಗಿದರು. ಸಿಂಪ್ಸನ್ ಸುಮ್ಮನಿರುವ ಆಸಾಮಿಯಲ್ಲ. ಅವರ ಗ್ರಂಥದಿಂದಲೇ ಉತ್ತರ ತೆಗೆದರು. ಆದಾಮನ ಪಕ್ಕೆಲುಬು ತೆಗೆಯುವಾಗ ದೇವರೇ ಮೊದಲು ಅವನಿಗೆ ಗಾಢ ನಿದ್ದೆ ಬರಿಸಿದನಲ್ಲ, ಅದಕ್ಕೇನು ಹೇಳುತ್ತೀರಿ ಎಂದು ಕೇಳಿದರು.

ಅದರ ಮೇಲೂ ವಾದ ನಿಲ್ಲಲಿಲ್ಲ. 1853ರ ಏಪ್ರಿಲ್‌ನಲ್ಲಿ ವಿಕ್ಟೋರಿಯಾ ರಾಣಿ ತನ್ನ ಎಂಟನೆಯ ಮಗು ಲಿಯೋಪೋಲ್ಡ್‌ನನ್ನು ಹೆರುವಾಗ ಜಾನ್ ಸ್ನೋ ಎಂಬ ವೈದ್ಯರಿಂದ ಕ್ಲೋರೋಫಾರ್ಮ್ ತೆಗೆದುಕೊಂಡಳು. ರಾಣಿಯನ್ನು ಬಯ್ಯುವ ಧೈರ್ಯ ಯಾರಿಗಿದೆ? ಬಡವಿ ಕೇಳಿದರೆ ಪಾಪ, ರಾಣಿ ತೆಗೆದುಕೊಂಡರೆ ಫ್ಯಾಷನ್! ನೂರಾ ಎಪ್ಪತ್ತು ವರ್ಷ ಕಳೆದ ಮೇಲೂ ನಮ್ಮ ಊರುಗಳಲ್ಲಿ ಈ ಲೆಕ್ಕ ಬದಲಾಗಿಲ್ಲ. ದುಡ್ಡಿದ್ದವರ ಆಸ್ಪತ್ರೆಯಲ್ಲಿ ಅದು ಸೌಲಭ್ಯ. ದುಡ್ಡಿಲ್ಲದವಳು ಕೇಳಿದರೆ “ಸೊಕ್ಕು”.

ಕತೆಯ ಇನ್ನೊಂದು ಮಗ್ಗುಲೂ ನೋಡಬೇಕು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಜರ್ಮನಿಯ ಫ್ರೈಬರ್ಗ್ ಊರಿನ ವೈದ್ಯರು ಮಾರ್ಫಿನ್ ಮತ್ತು ಸ್ಕೋಪೋಲಮಿನ್ ಎಂಬ ಎರಡು ಔಷಧಿ ಸೇರಿಸಿ ಕೊಡತೊಡಗಿದರು. ಅದಕ್ಕೆ ಮುಸ್ಸಂಜೆಯ ನಿದ್ದೆ ಎಂಬರ್ಥದ ಚೆಂದದ ಹೆಸರು ಬಂತು. ಅಮೆರಿಕದ ಹೆಂಗಸರು 1914ರಲ್ಲಿ ಸಂಘ ಕಟ್ಟಿ “ನಮಗೂ ಕೊಡಿ” ಎಂದು ಚಳವಳಿ ಮಾಡಿದರು. ಕೇಳಿದ್ದು ನ್ಯಾಯವೇ. ಆದರೆ ಸಿಕ್ಕಿದ್ದೇನು? ಸ್ಕೋಪೋಲಮಿನ್ ನೋವನ್ನು ಅಳಿಸುವುದಿಲ್ಲ, ನೋವಿನ ನೆನಪನ್ನು ಅಳಿಸುತ್ತದೆ. ಹೆಂಗಸು ಆ ಹೊತ್ತಿನಲ್ಲಿ ಕಿರುಚುತ್ತಿದ್ದಳು, ಒದ್ದಾಡುತ್ತಿದ್ದಳು, ಬೆಳಗ್ಗೆ ಎದ್ದಾಗ ಏನೂ ನೆನಪಿರುತ್ತಿರಲಿಲ್ಲ. ಒದ್ದಾಡುವವರನ್ನು ಮಂಚಕ್ಕೆ ಕಟ್ಟುವ ಪದ್ಧತಿಯೂ ಬೆಳೆಯಿತು. 1958ರಲ್ಲಿ ಲೇಡೀಸ್ ಹೋಮ್ ಜರ್ನಲ್ ಎಂಬ ಅಮೆರಿಕದ ಪತ್ರಿಕೆ ಹೆರಿಗೆ ವಾರ್ಡುಗಳ ಕ್ರೌರ್ಯದ ಬಗ್ಗೆ ಓದುಗರ ಕಾಗದಗಳನ್ನು ಅಚ್ಚು ಹಾಕಿದಾಗ ಈ ಕಟ್ಟಿಹಾಕುವ ಸಂಗತಿ ಬೀದಿಗೆ ಬಂತು.

ಪಾಠ ಏನು? ನೋವು ತಿನ್ನು ಎಂದು ಹೇರುವುದೂ ತಪ್ಪು, ಔಷಧಿ ತಿನ್ನು ಎಂದು ಹೇರುವುದೂ ತಪ್ಪು. ಎರಡರಲ್ಲೂ ಹೆಂಗಸಿನ ಬಾಯಿಗೆ ಬೀಗ. ನಾವು ಕೇಳಬೇಕಾದ್ದು ಬೀಗದ ಕೈ.

ಕನ್ನಡದಲ್ಲಿ ಕೇಳಿ: ಏನೇನಿದೆ?

ಈಗ ವಿಷಯಕ್ಕೆ ಬರೋಣ. ಹೆರಿಗೆ ನೋವಿಗೆ ಇರುವ ದಾರಿಗಳು ಯಾವುವು? ಇದನ್ನು ಹೇಳಲು ಇಂಗ್ಲಿಷ್ ಬೇಕಿಲ್ಲ. ಕನ್ನಡ ಸಾಕು.

ಮೊದಲನೆಯದು ಔಷಧಿಯಿಲ್ಲದ ದಾರಿ. ಮಲಗಿಯೇ ಇರದೆ ಓಡಾಡುವುದು, ಕುಕ್ಕರಗಾಲಿನಲ್ಲಿ ಕೂರುವುದು, ಸೊಂಟ ನೀವಿಸಿಕೊಳ್ಳುವುದು, ಬಿಸಿನೀರಿನ ಶಾಖ, ಉಸಿರಾಟದ ಅಭ್ಯಾಸ, ಎಲ್ಲಕ್ಕಿಂತ ಮೇಲಾಗಿ ಪಕ್ಕದಲ್ಲೊಬ್ಬರು ಇರುವುದು. ಇದು ಅಜ್ಜಿಯ ಮಾತು ಎಂದು ನಗಬೇಡಿ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಹಾಕಿ ತೂಗಿ ನೋಡುವ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2017ರಲ್ಲಿ 15 ಸಾವಿರಕ್ಕೂ ಹೆಚ್ಚು ಹೆಂಗಸರ ಮಾಹಿತಿ ನೋಡಿ ಹೇಳಿದ್ದು ಇದು: ಹೆರಿಗೆಯುದ್ದಕ್ಕೂ ಒಬ್ಬರು ಬಿಡದೆ ಜೊತೆಗಿದ್ದರೆ ನೋವಿನ ಔಷಧಿ ಬೇಡುವವರೂ ಕಡಿಮೆ, ಸಿಸೇರಿಯನ್ನೂ ಕಡಿಮೆ.

ಎರಡನೆಯದು ಗ್ಯಾಸು. ನೈಟ್ರಸ್ ಆಕ್ಸೈಡ್ ಮತ್ತು ಆಮ್ಲಜನಕವನ್ನು ಸಮಸಮ ಬೆರೆಸಿದ್ದು. ಮುಖವಾಡವನ್ನು ಹೆಂಗಸು ತಾನೇ ಕೈಯಲ್ಲಿ ಹಿಡಿದು, ಬೇನೆ ಏರುವಾಗ ಎಳೆದುಕೊಳ್ಳುತ್ತಾಳೆ, ಇಳಿದಾಗ ಬಿಡುತ್ತಾಳೆ. ನೋವು ಪೂರ್ತಿ ಹೋಗುವುದಿಲ್ಲ, ಮೊನೆ ಮುರಿಯುತ್ತದೆ. ತಲೆ ಸುತ್ತು, ವಾಕರಿಕೆ ಬರಬಹುದು. ಬಿಟ್ಟರೆ ಕೆಲವೇ ನಿಮಿಷದಲ್ಲಿ ಅದರ ಪರಿಣಾಮ ಇಳಿದುಹೋಗುತ್ತದೆ. ಇಂಗ್ಲೆಂಡಿನ ಹೆರಿಗೆ ಕೋಣೆಗಳಲ್ಲಿ ಇದು ಮಾಮೂಲು.

ಮೂರನೆಯದು ಪೆಥಿಡಿನ್‌ನಂಥ ಇಂಜೆಕ್ಷನ್ನು. ನೋವು ಸ್ವಲ್ಪ ಮಂಕಾಗುತ್ತದೆ, ತೂಕಡಿಕೆ ಬರುತ್ತದೆ. ಹೆರಿಗೆಗೆ ತೀರ ಹತ್ತಿರದಲ್ಲಿ ಕೊಟ್ಟರೆ ಕೂಸಿಗೂ ಮಂಪರು ಹತ್ತಿ ಉಸಿರಾಟ ನಿಧಾನವಾಗಬಹುದು. ಅದಕ್ಕೇ ಹೊತ್ತು ನೋಡಿ ಕೊಡಬೇಕು.

ನಾಲ್ಕನೆಯದು ಎಪಿಡ್ಯೂರಲ್. ಸೊಂಟದ ಹತ್ತಿರ ಬೆನ್ನುಮೂಳೆಯ ಸಂದಿಯಲ್ಲಿ, ಬೆನ್ನುಹುರಿಯನ್ನು ಸುತ್ತಿದ ಪೊರೆಯ ಹೊರಗಿನ ಜಾಗಕ್ಕೆ ಕೂದಲಿಗಿಂತ ಸ್ವಲ್ಪ ದಪ್ಪನೆಯ ನಳಿಕೆ ಇಟ್ಟು, ಅದರ ಮೂಲಕ ಮರಗಟ್ಟಿಸುವ ಔಷಧಿಯನ್ನು ಸ್ವಲ್ಪಸ್ವಲ್ಪವೇ ಬಿಡುತ್ತಾರೆ. ತಾಯಿ ಎಚ್ಚರವಾಗಿಯೇ ಇರುತ್ತಾಳೆ. ಕೂಸು ಅತ್ತದ್ದನ್ನು ಕೇಳುತ್ತಾಳೆ. ಇಂದು ಗೊತ್ತಿರುವ ದಾರಿಗಳಲ್ಲಿ ನೋವನ್ನು ಎಲ್ಲಕ್ಕಿಂತ ಚೆನ್ನಾಗಿ ಇಳಿಸುವುದು ಇದೇ. ಆದರೆ ಇದನ್ನು ಹಾಕಲು ಅರಿವಳಿಕೆ ತಜ್ಞರು ಬೇಕು, ಹಾಕಿದ ಮೇಲೆ ತಾಯಿಯ ರಕ್ತದೊತ್ತಡ, ಕೂಸಿನ ಎದೆಬಡಿತ ನೋಡುತ್ತಿರುವ ಜನ ಬೇಕು.

ಎಪಿಡ್ಯೂರಲ್ ಬಗ್ಗೆ ಹರಡಿರುವ ಸುಳ್ಳುಗಳಿಗೆ ಲೆಕ್ಕವಿಲ್ಲ. “ಜೀವನಪೂರ್ತಿ ಬೆನ್ನುನೋವು ಬರುತ್ತೆ”, “ಹಾಕಿಸಿಕೊಂಡರೆ ಸಿಸೇರಿಯನ್ ಗ್ಯಾರಂಟಿ”, “ಕೂಸು ಮಂದ ಆಗುತ್ತೆ”. ಕಾಕ್ರೇನ್ 2018ರಲ್ಲಿ 40 ಪ್ರಯೋಗಗಳನ್ನು, 11 ಸಾವಿರಕ್ಕೂ ಹೆಚ್ಚು ಹೆಂಗಸರ ಮಾಹಿತಿಯನ್ನು ತೂಗಿ ನೋಡಿತು. ಎಪಿಡ್ಯೂರಲ್‌ನಿಂದ ಸಿಸೇರಿಯನ್ ಹೆಚ್ಚಾಗಿದ್ದು ಕಾಣಲಿಲ್ಲ. ದೀರ್ಘಕಾಲದ ಬೆನ್ನುನೋವು ಹೆಚ್ಚಾಗಿದ್ದು ಕಾಣಲಿಲ್ಲ. ಹುಟ್ಟಿದ ಕೂಡಲೇ ಕೂಸಿನ ಚುರುಕುತನ ಅಳೆಯುವ ಎಪ್ಗಾರ್ ಅಂಕದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಹಾಗಂತ ಇದು ಅಮೃತವೂ ಅಲ್ಲ. ಹೆರಿಗೆಯ ಕೊನೆಯ ಹಂತ ಸ್ವಲ್ಪ ಉದ್ದವಾಗಬಹುದು. ಹಳೆಯ ಪ್ರಯೋಗಗಳಲ್ಲಿ ಇಕ್ಕಳ ಹಾಕಿ ಕೂಸು ತೆಗೆಯುವುದು ಹೆಚ್ಚಾಗಿತ್ತು. ಕಡಿಮೆ ಪ್ರಮಾಣದ ಔಷಧಿ ಬಳಸುವ 2005ರ ನಂತರದ ಪ್ರಯೋಗಗಳಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಜ್ವರ, ಮೈ ತುರಿಕೆ ಬರಬಹುದು. ಕಾಲು ಭಾರವಾಗಬಹುದು. ಬ್ರಿಟನ್ನಿನ ಹೆರಿಗೆ ಅರಿವಳಿಕೆ ತಜ್ಞರ ಸಂಘ ಬಸುರಿಯರಿಗೆ ಕೊಡುವ ಚೀಟಿಯಲ್ಲಿ ಅಂಕಿ ಬಿಡಿಸಿ ಬರೆದಿದೆ: 8 ಜನರಲ್ಲಿ ಒಬ್ಬರಿಗೆ ಎಪಿಡ್ಯೂರಲ್ ಸರಿಯಾಗಿ ಹಿಡಿಯುವುದಿಲ್ಲ. 50 ಜನರಲ್ಲಿ ಒಬ್ಬರಿಗೆ ರಕ್ತದೊತ್ತಡ ಗಮನಿಸುವಷ್ಟು ಇಳಿಯುತ್ತದೆ. 100 ಜನರಲ್ಲಿ ಒಬ್ಬರಿಗೆ ಕೆಟ್ಟ ತಲೆನೋವು ಬರುತ್ತದೆ. ಆರು ತಿಂಗಳಾದರೂ ಹೋಗದ ನರದ ತೊಂದರೆ 13 ಸಾವಿರಕ್ಕೆ ಒಬ್ಬರಿಗೆ. ರಕ್ತ ಹೆಪ್ಪುಗಟ್ಟುವ ತೊಂದರೆ ಇರುವವರಿಗೆ, ರಕ್ತ ತೆಳುವಾಗಿಸುವ ಔಷಧಿಯಲ್ಲಿರುವವರಿಗೆ, ಬೆನ್ನಿನ ಆ ಜಾಗದಲ್ಲಿ ಸೋಂಕು ಇರುವವರಿಗೆ ಇದನ್ನು ಹಾಕಲಾಗದು.

ನೋಡಿದಿರಾ? ಇಷ್ಟೇ. ಎಸ್ಸೆಸ್ಸೆಲ್ಸಿ ಮುಟ್ಟದವಳಿಗೂ ಅರ್ಥವಾಗುವ ಸಂಗತಿ. ಆ ಬ್ರಿಟನ್ನಿನ ಸಂಘ ತನ್ನ ಚೀಟಿಯನ್ನು ಹಲವಾರು ಭಾಷೆಗಳಿಗೆ ಮಾಡಿಸಿ ಇಟ್ಟಿದೆ, ಪರದೇಶದಿಂದ ಬಂದು ಅಲ್ಲಿ ಹೆರುವ ಹೆಂಗಸಿಗೂ ತಿಳಿಯಲಿ ಎಂದು. ಲಂಡನ್ನಿಗೆ ಇರುವ ಈ ಸೌಜನ್ಯ ರಾಜಾಜಿನಗರಕ್ಕೆ, ರಾಯಚೂರಿಗೆ ಬರಲು ಏನಡ್ಡಿ?

ಓದಲಾರದ ಕಾಗದ, ಅವಳಲ್ಲದವರ ಸಹಿ

ಬೆಂಗಳೂರಿನ ಗಾಜಿನ ಗೋಡೆಯ ಆಸ್ಪತ್ರೆಗಳಿಗೆ ಹೋಗಿ ನೋಡಿ. ಎಷ್ಟೋ ಕಡೆ ಒಪ್ಪಿಗೆ ಪತ್ರ ಎರಡು ಪುಟ, ಇರುವೆ ಸಾಲಿನಂಥ ಇಂಗ್ಲಿಷ್. ಎಮ್ಮೆ ಪಾಸಾದವರಿಗೂ ನಿಘಂಟು ಬೇಕು. ಅದನ್ನು ಮುಂದಿಡುವ ಹೊತ್ತು ಯಾವುದು? ಎರಡು ನಿಮಿಷಕ್ಕೊಮ್ಮೆ ಬೇನೆ ಅಲೆಯಾಗಿ ಏಳುತ್ತಿರುವಾಗ! ಆ ಹೊತ್ತಿನಲ್ಲಿ ಆಸ್ತಿ ಪತ್ರ ಕೊಟ್ಟರೂ ಸಹಿ ಹಾಕುತ್ತಾಳೆ.

ಭಾಷೆಯ ತೊಂದರೆ ಕಾಗದಕ್ಕೇ ಮುಗಿಯುವುದಿಲ್ಲ. ನೋವು ಹೇಳಿಕೊಳ್ಳಲು ತಾಯ್ನುಡಿಯಷ್ಟು ಹತ್ತಿರದ್ದು ಬೇರೊಂದಿಲ್ಲ. “ಕಿಬ್ಬೊಟ್ಟೆ ಹಿಂಡಿದ ಹಾಗೆ”, “ಸೊಂಟ ಸೀಳಿದ ಹಾಗೆ”, “ತೊಡೆಗಿಳಿದು ಸೆಳೀತಿದೆ” ಅನ್ನುವ ಮಾತುಗಳಲ್ಲಿ ಒಂದೊಂದಕ್ಕೂ ಒಂದೊಂದು ಅರ್ಥ ಇದೆ. ಅನುಭವಿ ನರ್ಸಮ್ಮ ಆ ಮಾತು ಕೇಳಿಯೇ ಹೆರಿಗೆ ಎಲ್ಲಿಗೆ ಬಂತು ಎಂದು ಅಂದಾಜು ಮಾಡುತ್ತಾಳೆ. ಆ ಮಾತು ತಿಳಿಯದವರ ಮುಂದೆ ಹೆಂಗಸು ಹೇಳುವುದು “ಪೇನ್, ಪೇನ್” ಅಷ್ಟೇ. ಅವರು ಬರೆದುಕೊಳ್ಳುವುದೂ ಅಷ್ಟೇ.

ಒಂದು ಮಾತು ಸ್ಪಷ್ಟವಾಗಿರಲಿ. ದೂರದ ಊರಿಂದ ಬಂದು, ರಾತ್ರಿ ಪಾಳಿ ದುಡಿದು, ನಾಲ್ಕೇ ತಿಂಗಳಲ್ಲಿ ಕನ್ನಡ ಕಲಿತ ಎಷ್ಟೋ ನರ್ಸಮ್ಮಂದಿರು ನಮ್ಮ ಆಸ್ಪತ್ರೆಗಳಲ್ಲಿದ್ದಾರೆ. ಅವರಿಗೆ ಕೈಮುಗಿಯೋಣ. ನಮ್ಮ ಸಿಟ್ಟು ಅವರ ಮೇಲಲ್ಲ. ಬಿಲ್ಲು ಮಾಡಲು ಕಂಪ್ಯೂಟರ್ ಇಟ್ಟು, ಒಂದು ಪುಟ ಕನ್ನಡ ಅಚ್ಚು ಹಾಕಿಸಲು ಕಾಸು ಬಿಚ್ಚದ ಆಡಳಿತ ಮಂಡಳಿಗಳ ಮೇಲೆ. ನಮಗೆ ಕನ್ನಡ ಕೇಳುವ ಹಕ್ಕು ಎಷ್ಟಿದೆಯೋ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಂದು ಇಲ್ಲೇ ಬೇನೆ ತಿನ್ನುವ ಒಡಿಶಾದ ಹೆಣ್ಣಿಗೆ ಅವಳ ನುಡಿಯಲ್ಲಿ ವಿಷಯ ಕೇಳುವ ಹಕ್ಕೂ ಅಷ್ಟೇ ಇದೆ. ಹೆರಿಗೆ ಕೋಣೆಯಲ್ಲಿ ಈ ಮಾತಿಗೆ ಬೆನ್ನು ತಿರುಗಿಸುವವನು ಭಾಷಾಭಿಮಾನಿಯಲ್ಲ.

ಕಾನೂನು ಏನನ್ನುತ್ತದೆ? ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ, ಚಿಕಿತ್ಸೆಯ ಮಾಹಿತಿಯನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿ, ಅವರಿಗೆ ಅರ್ಥವಾಗುವ ಮಟ್ಟದಲ್ಲಿ ಹೇಳಬೇಕು ಎಂದಿದೆ. ಅದಕ್ಕೂ ಹತ್ತು ವರ್ಷ ಮುಂಚೆ, 2008ರಲ್ಲಿ, ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅಲ್ಲಿ ತಪಾಸಣೆಗೆಂದು ಹೋದ ಹೆಂಗಸಿಗೆ ಅರಿವಳಿಕೆ ಕೊಟ್ಟು, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು, ಗರ್ಭಕೋಶವನ್ನೇ ತೆಗೆದಿದ್ದರು. ವಯಸ್ಕಳಾದ, ಬುದ್ಧಿ ಸ್ವಾಧೀನದಲ್ಲಿರುವ ಹೆಂಗಸಿನ ಪರವಾಗಿ, ತುರ್ತು ಇಲ್ಲದಿರುವಾಗ, ಹೆತ್ತ ತಾಯಿಯೂ ಒಪ್ಪಿಗೆ ಕೊಡಲು ಬರುವುದಿಲ್ಲ ಎಂದು ಕೋರ್ಟ್ ಹೇಳಿತು. ಒಪ್ಪಿಗೆಗೆ ಮುಂಚೆ ಚಿಕಿತ್ಸೆ ಏನು, ಅಪಾಯ ಏನು, ಬೇರೆ ದಾರಿ ಏನು ಎಂಬುದನ್ನು ಸಾಕಷ್ಟು ತಿಳಿಸಿರಬೇಕು ಎಂದೂ ಹೇಳಿತು.

ತಾಯಿಯೇ ಸಹಿ ಹಾಕುವಂತಿಲ್ಲ ಎಂದ ಮೇಲೆ ಗಂಡನ ಸಹಿ ಯಾವ ಲೆಕ್ಕ? ಅತ್ತೆಯ ಗೋಣು ಯಾವ ಲೆಕ್ಕ? ಆದರೂ ನಮ್ಮಲ್ಲಿ ನಡೆಯುವುದು ಹಾಗೆಯೇ. ಅವಳು “ಬೇಕು” ಅಂದರೂ, ಹೊರಗೆ ಬಂದು “ಏನ್ಮಾಡೋಣ?” ಎಂದು ಗಂಡಸರನ್ನು ಕೇಳುತ್ತಾರೆ.

ಈ ಪದ್ಧತಿ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಚೀನಾದ ಉದಾಹರಣೆ ಇದೆ. 2017ರ ಆಗಸ್ಟ್ 31ರಂದು ಅಲ್ಲಿನ ಯೂಲಿನ್ ಎಂಬ ನಗರದಲ್ಲಿ ಬೇನೆ ತಾಳಲಾರದೆ ಒಬ್ಬ ಬಸುರಿ ಆಸ್ಪತ್ರೆಯ ಕಟ್ಟಡದಿಂದ ಬಿದ್ದು ಸತ್ತಳು. ಹೊಟ್ಟೆಯಲ್ಲಿದ್ದ ಕೂಸೂ ಉಳಿಯಲಿಲ್ಲ. ಸಿಸೇರಿಯನ್ ಬೇಕೆಂದು ಅವಳು ಕೇಳಿದ್ದಳು, ಮನೆಯವರು ಒಪ್ಪಲಿಲ್ಲ ಎಂದು ಆಸ್ಪತ್ರೆ ಹೇಳಿತು. ಇಲ್ಲ, ಆಸ್ಪತ್ರೆಯವರೇ ಒಪ್ಪಲಿಲ್ಲ ಎಂದು ಮನೆಯವರು ಹೇಳಿದರು. ಯಾರು ನಿಜ ಹೇಳಿದರೋ, ಇಬ್ಬರ ಮಾತಿನಲ್ಲೂ ಒಂದು ಸಂಗತಿ ಸಮ: ಅವಳ ಮಾತು ನಡೆಯಲಿಲ್ಲ. ಇಡೀ ದೇಶ ಬೆಚ್ಚಿಬಿತ್ತು. ಮರುವರ್ಷ, 2018ರ ನವೆಂಬರಿನಲ್ಲಿ, ಚೀನಾದ ಆರೋಗ್ಯ ಆಯೋಗ ಹೆರಿಗೆ ನೋವಿಗೆ ಔಷಧಿ ಕೊಡುವ ವ್ಯವಸ್ಥೆಯನ್ನು ಆಯ್ದ ಆಸ್ಪತ್ರೆಗಳಲ್ಲಿ ಶುರು ಮಾಡಲು ಸುತ್ತೋಲೆ ಹೊರಡಿಸಿತು. ಒಂದು ಹೆಣ ಬಿದ್ದ ಮೇಲೆ ಕಣ್ಣು ತೆರೆಯಿತು. ನಾವೂ ಅದಕ್ಕೇ ಕಾಯಬೇಕೇ?

ಸೂಲಗಿತ್ತಿಯ ಹೆಸರು ಕೆಡಿಸಬೇಡಿ

“ನಮ್ಮ ಸೂಲಗಿತ್ತಿಯರ ಕಾಲದಲ್ಲಿ ಯಾವ ಔಷಧಿ ಇತ್ತು?” ಎಂದು ವಾದಿಸುವ ಮಹನೀಯರಿದ್ದಾರೆ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರ ಹೆಸರನ್ನೂ ಎಳೆದು ತರುತ್ತಾರೆ. ಒಂದು ಕಾಸು ತೆಗೆದುಕೊಳ್ಳದೆ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಮಹಾತಾಯಿ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು.

ಒಳ್ಳೆಯ ಸೂಲಗಿತ್ತಿ ಏನು ಮಾಡುತ್ತಿದ್ದಳು? ಬಸುರಿಯನ್ನು ಒಂಟಿಯಾಗಿ ಬಿಡುತ್ತಿರಲಿಲ್ಲ. ಸೊಂಟ ನೀವುತ್ತಿದ್ದಳು. ಎದ್ದು ಓಡಾಡಿಸುತ್ತಿದ್ದಳು. ಬಿಸಿನೀರು ಹೊಯ್ಯುತ್ತಿದ್ದಳು. ಅವಳದೇ ಮಾತಿನಲ್ಲಿ ಧೈರ್ಯ ಹೇಳುತ್ತಿದ್ದಳು. ತನ್ನ ಕೈಲಾದ ನೋವು ಶಮನವನ್ನೆಲ್ಲ ಅವಳು ಮಾಡುತ್ತಿದ್ದಳು. ಇಂದಿನ ಆಸ್ಪತ್ರೆಯವರು ಮಾಡುತ್ತಿರುವುದೇನು? ಸೂಲಗಿತ್ತಿಯ ಕೈಯನ್ನು ತೆಗೆದರು, ಅದರ ಜಾಗದಲ್ಲಿ ಔಷಧಿಯನ್ನೂ ಕೊಡಲಿಲ್ಲ. ಹೆಂಗಸನ್ನು ಅಂಗಾತ ಮಲಗಿಸಿ, ಮನೆಯವರನ್ನು ಹೊರಗೆ ಹಾಕಿ, “ತಡ್ಕೋ” ಅಂದರು. ಇದು ಹಳೆಯದೂ ಅಲ್ಲ, ಹೊಸದೂ ಅಲ್ಲ. ಎರಡರ ಕೆಟ್ಟದ್ದನ್ನು ಆರಿಸಿ ಮಾಡಿದ ಕಲಬೆರಕೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತಿವೆ. ಇದು ಹೆಮ್ಮೆಯ ಸಂಗತಿ. ತಾಯಂದಿರ ಜೀವ ಉಳಿದಿದೆ. ಆದರೆ ಹೆಂಗಸು ಆಸ್ಪತ್ರೆಯ ಬಾಗಿಲಿಗೆ ಬಂದಳು ಎಂದ ಮೇಲೆ ಆಸ್ಪತ್ರೆಯ ಜವಾಬ್ದಾರಿ ಜೀವ ಉಳಿಸುವುದಕ್ಕೇ ಮುಗಿಯಿತೇ? ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಕೊಟ್ಟ ಹೆರಿಗೆ ಆರೈಕೆಯ ಶಿಫಾರಸುಗಳಲ್ಲಿ, ನೋವು ಕಡಿಮೆ ಮಾಡಿ ಎಂದು ಕೇಳುವ ಆರೋಗ್ಯವಂತ ಬಸುರಿಗೆ ಅವಳ ಇಷ್ಟದಂತೆ ಎಪಿಡ್ಯೂರಲ್ ಕೊಡಬಹುದು ಎಂದಿದೆ. ಉಸಿರಾಟ, ಮೈ ನೀವುವುದು ಮುಂತಾದ ದಾರಿಗಳನ್ನೂ, ಅವಳು ಆರಿಸಿದ ಜೊತೆಗಾರರು ಪಕ್ಕದಲ್ಲಿರುವುದನ್ನೂ ಶಿಫಾರಸು ಮಾಡಿದೆ. ನಮ್ಮದೇ ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಗೆ ಹೆತ್ತು ಅನುಭವವಿರುವ ಹೆಂಗಸೊಬ್ಬಳನ್ನು ಜೊತೆಗೆ ಬಿಡಬಹುದು ಎಂದಿತು. ಮರೆಯ ವ್ಯವಸ್ಥೆ ಇರುವ ಕಡೆ ಗಂಡನನ್ನೂ ಬಿಡಬಹುದು ಎಂದಿತು. ಎಷ್ಟು ಕಡೆ ಬಿಡುತ್ತಾರೆ? ನಿಮ್ಮ ಊರಿನ ಆಸ್ಪತ್ರೆಯಲ್ಲಿ ಕೇಳಿ ನೋಡಿ. “ರೂಲ್ಸ್ ಇಲ್ಲ” ಅನ್ನುತ್ತಾರೆ. ರೂಲ್ಸ್ ಇದೆ, ಮನಸ್ಸಿಲ್ಲ.

ಎಪಿಡ್ಯೂರಲ್ ವಿಷಯದಲ್ಲಿ ಸರ್ಕಾರಿ ಆಸ್ಪತ್ರೆಗಳ ಕಷ್ಟವನ್ನೂ ಒಪ್ಪಿಕೊಳ್ಳಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬರೇ ಅರಿವಳಿಕೆ ತಜ್ಞರಿದ್ದು, ಅವರು ತುರ್ತು ಸಿಸೇರಿಯನ್‌ಗೆ ನಿಂತಿದ್ದರೆ, ನೋವಿಗೆಂದು ಅವರನ್ನು ಎಳೆದು ತರಲಾಗದು. ಒಂದು ಜೀವ ಉಳಿಸುವುದು ಮೊದಲು. ಆದರೆ ಗ್ಯಾಸಿನ ವ್ಯವಸ್ಥೆಗೆ ಪ್ರತಿ ಸಲ ಅರಿವಳಿಕೆ ತಜ್ಞರು ಬೇಕಿಲ್ಲ, ತರಬೇತಾದ ನರ್ಸಮ್ಮ ಸಾಕು. ಜೊತೆಗೊಬ್ಬರನ್ನು ಬಿಡಲು ಯಾವ ತಜ್ಞರೂ ಬೇಕಿಲ್ಲ. ಬಯ್ಯದಿರಲು ಬಜೆಟ್ಟೇ ಬೇಕಿಲ್ಲ!

ಮತ್ತೆ ಈ ಲೆಕ್ಕವನ್ನೂ ನೋಡಿ. ಅದೇ ಸಮೀಕ್ಷೆಯಲ್ಲಿ ದೇಶದ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ನೂರಕ್ಕೆ 47 ಸಿಸೇರಿಯನ್, ಸರ್ಕಾರಿ ಆಸ್ಪತ್ರೆಗಳಲ್ಲಿ ನೂರಕ್ಕೆ 14. ಇದಕ್ಕೆ ಕಾರಣಗಳು ಹತ್ತಾರು. ಆದರೆ “ಬೇನೆ ತಡೆಯಲಾರೆ, ಕೊಯ್ದು ತೆಗೆಯಿರಿ” ಎಂದು ಭಯದಿಂದ ಕೇಳುವ ಹುಡುಗಿಯರೂ ಇದ್ದಾರೆ. ನೋವು ಇಳಿಸುವ ದಾರಿ ಇದೆ ಎಂದು ಮುಂಚೆಯೇ ಹೇಳಿದ್ದರೆ ಅವರಲ್ಲಿ ಕೆಲವರಾದರೂ ಹೊಟ್ಟೆಯ ಮೇಲಿನ ಗಾಯ ತಪ್ಪಿಸಿಕೊಳ್ಳುತ್ತಿದ್ದರು.

“ಬೇಡ” ಅನ್ನುವವಳಿಗೂ ಮರ್ಯಾದೆ

ನಾವು ಎಪಿಡ್ಯೂರಲ್ ಕಂಪನಿಯ ಏಜೆಂಟರಲ್ಲ. ಔಷಧಿ ಬೇಡ, ನಾನು ಹಾಗೇ ಹೆರುತ್ತೇನೆ ಅನ್ನುವ ಹೆಂಗಸಿದ್ದಾಳೆ. ಬೇನೆಯ ಅಲೆಯನ್ನು ಹತ್ತಿ ಇಳಿಯುವುದು ಅವಳಿಗೆ ಇಷ್ಟ. ಬೆನ್ನಿಗೆ ಸೂಜಿ ಅಂದರೆ ಅವಳಿಗೆ ಭಯವಿರಬಹುದು, ಓಡಾಡಿಕೊಂಡಿರುವ ಆಸೆಯಿರಬಹುದು. ಕಾರಣ ಕೇಳುವ ಅಧಿಕಾರ ಯಾರಿಗೂ ಇಲ್ಲ. ಅವಳಿಗೆ “ಹಳ್ಳಿ ಗುಗ್ಗು” ಅನ್ನುವುದು, ಅರ್ಧ ದಾರಿಯಲ್ಲಿ “ಪ್ಯಾಕೇಜಿನಲ್ಲೇ ಇದೆ, ಹಾಕಿಸಿಕೊಂಡುಬಿಡಿ” ಎಂದು ಒತ್ತಾಯಿಸುವುದು, ಇವೂ “ತಡ್ಕೋ” ಅನ್ನುವುದರ ಅಣ್ಣತಮ್ಮಂದಿರು. ಬೇಡ ಅಂದವಳು ನಡುವೆ “ಬೇಕು” ಅಂದರೆ ಅದೂ ಅವಳ ಹಕ್ಕು. ಬೇಕು ಅಂದವಳು ಕೊನೆಯ ಗಳಿಗೆಯಲ್ಲಿ “ಬೇಡ” ಅಂದರೂ ಅಷ್ಟೇ.

ಫ್ರಾನ್ಸಿನಲ್ಲಿ ಹೆರುವವರಲ್ಲಿ ನೂರಕ್ಕೆ ಸುಮಾರು 80 ಜನ ಎಪಿಡ್ಯೂರಲ್ ತೆಗೆದುಕೊಳ್ಳುತ್ತಾರೆ. ಜಪಾನಿನಲ್ಲಿ ನೋವು ತಿಂದೇ ತಾಯಿಯಾಗಬೇಕು ಅನ್ನುವ ನಂಬಿಕೆ ಬಲವಾಗಿ, ತೆಗೆದುಕೊಳ್ಳುವವರು ಬಹಳ ಕಾಲ ತೀರ ಕಡಿಮೆ ಇದ್ದರು. ಅಂಥ ಜಪಾನಿನಲ್ಲೂ ಟೋಕಿಯೋ ಆಡಳಿತ 2025ರಲ್ಲಿ ಇದಕ್ಕೆ 1 ಲಕ್ಷ ಯೆನ್‌ವರೆಗೆ ಸಹಾಯಧನ ಕೊಡುವ ಯೋಜನೆ ತಂದಿತು. ಫ್ರಾನ್ಸಿನ ತಾಯಿಗೆ ಮಗುವಿನ ಮೇಲೆ ಪ್ರೀತಿ ಕಡಿಮೆಯೇ? ಟೋಕಿಯೋದ ತಾಯಿ ತಾಯಿಯಲ್ಲವೇ? ತಾಯ್ತನವನ್ನು ಕಿರುಚಾಟದ ಎತ್ತರದಲ್ಲಿ ಅಳೆಯುವವರು ಉತ್ತರ ಕೊಡಲಿ.

ಈಗ ನಾವು ಮಾಡಬೇಕಾದ್ದು

ಮೊದಲು ನಮ್ಮ ಮನೆ. ಬಸುರಿಗೆ ಏಳನೆಯ ತಿಂಗಳು ಬಂತು ಎಂದರೆ ಸೀಮಂತದ ಸೀರೆ ಆರಿಸುವ ಜೊತೆಗೆ ಆಸ್ಪತ್ರೆಗೆ ಹೋಗಿ ಐದು ಪ್ರಶ್ನೆ ಕೇಳಿ. ನಿಮ್ಮಲ್ಲಿ ಹೆರಿಗೆ ನೋವಿಗೆ ಯಾವ ಯಾವ ವ್ಯವಸ್ಥೆ ಇದೆ? ಅರಿವಳಿಕೆ ತಜ್ಞರು ರಾತ್ರಿ ಹೊತ್ತೂ ಇರುತ್ತಾರಾ? ಎಷ್ಟು ಖರ್ಚು, ಬಿಲ್ಲಿನಲ್ಲಿ ಮೊದಲೇ ಬರೆದು ಕೊಡುತ್ತೀರಾ? ಜೊತೆಗೆ ಒಬ್ಬರನ್ನು ಒಳಗೆ ಬಿಡುತ್ತೀರಾ? ಒಪ್ಪಿಗೆ ಪತ್ರ ಕನ್ನಡದಲ್ಲಿ ಇದೆಯಾ, ಇವತ್ತೇ ಮನೆಗೆ ಒಯ್ದು ಓದಬಹುದಾ? ಕೇಳಬೇಕಾದವಳು ಅವಳು. ನೀವು ಪಕ್ಕದಲ್ಲಿ ನಿಲ್ಲಿ. ಅವಳ ಬೆನ್ನುನೋವು, ರಕ್ತದ ತೊಂದರೆ, ತೆಗೆದುಕೊಳ್ಳುವ ಮಾತ್ರೆ ಎಲ್ಲವನ್ನೂ ಅವತ್ತೇ ಹೇಳಲಿ. ಅವಳು ಮಾಡಿದ ತೀರ್ಮಾನವನ್ನು ಕಾಗದದಲ್ಲಿ ಬರೆದಿಡಿ. ಬೇನೆಯ ಹೊತ್ತಿನಲ್ಲಿ ಅತ್ತೆ, ಅಮ್ಮ, ಚಿಕ್ಕಮ್ಮ ಯಾರೇ ಅಡ್ಡ ಬಂದರೂ “ಅವಳು ಹೇಳಿದ ಹಾಗೆ” ಅನ್ನುವ ಒಂದು ಮಾತು ನಿಮ್ಮ ಬಾಯಿಂದ ಬರಲಿ. ಗಂಡಸ್ತನ ಅಲ್ಲಿ ಬೇಕು.

ಆಮೇಲೆ ಬೀದಿ. ಕರ್ನಾಟಕದ ಬಸುರಿಯರ ಕೈಗೆ ಸರ್ಕಾರ ತಾಯಿ ಕಾರ್ಡ್ ಕೊಡುತ್ತದೆ. ಅದರ ಜೊತೆಗೆ ನೋವು ಶಮನದ ಮಾಹಿತಿಯನ್ನು ಒಂದು ಪುಟ ಕನ್ನಡದಲ್ಲಿ ಅಚ್ಚು ಹಾಕಿ ಕೊಡಲಿ. ಓದಲು ಬಾರದವರಿಗೆ ಆಶಾ ಕಾರ್ಯಕರ್ತೆ ಓದಿ ಹೇಳಲಿ. ಪ್ರತಿ ಖಾಸಗಿ ಆಸ್ಪತ್ರೆಯ ಒಪ್ಪಿಗೆ ಪತ್ರ ಕನ್ನಡದಲ್ಲಿ ಇರಲಿ, ಬೇರೆ ನುಡಿಯವರಿಗೆ ಅವರ ನುಡಿಯಲ್ಲಿ ಹೇಳುವ ಏರ್ಪಾಡಿರಲಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಹೆರಿಗೆ ಕೋಣೆಗೆಂದೇ ಅರಿವಳಿಕೆ ತಜ್ಞರ ಹುದ್ದೆ ತುಂಬಲಿ. ತಾಲ್ಲೂಕು ಆಸ್ಪತ್ರೆಗಳಿಗೆ ಗ್ಯಾಸಿನ ವ್ಯವಸ್ಥೆ, ನರ್ಸಮ್ಮಂದಿರಿಗೆ ತರಬೇತಿ ಬರಲಿ. 2016ರ ಜೊತೆಗಾರರ ಸುತ್ತೋಲೆಯನ್ನು ಹೆರಿಗೆ ವಾರ್ಡಿನ ಬಾಗಿಲಿಗೇ ಅಂಟಿಸಲಿ. ಇದಕ್ಕೆ ಕಲ್ಲು ತೂರಬೇಕಿಲ್ಲ, ಬಸ್ಸು ನಿಲ್ಲಿಸಬೇಕಿಲ್ಲ. ನಿಮ್ಮ ಬಡಾವಣೆಯ ಹತ್ತು ಜನ ಹೋಗಿ, ಆಸ್ಪತ್ರೆಯ ಮುಖ್ಯಸ್ಥರ ಮುಂದೆ ಕೂತು, ಒಪ್ಪಿಗೆ ಪತ್ರ ಕೇಳಿ ಪಡೆದು, ಗಟ್ಟಿಯಾಗಿ ಓದಿ. ಓದಲು ಬಾರದಿದ್ದರೆ ಅವರಿಂದಲೇ ಓದಿಸಿ, ಕನ್ನಡದಲ್ಲಿ ಅರ್ಥ ಹೇಳಿಸಿ. ಹೇಳಲು ತಡವರಿಸಿದರೆ ಸಾಕು, ವಿಷಯ ಅವರಿಗೇ ಅರ್ಥವಾಗುತ್ತದೆ.

ಬೋರ್ಡಿನ ಮೇಲೆ ಕನ್ನಡ ಬಂದರೆ ಅರ್ಧ ಗೆಲುವು. ಬೇನೆ ತಿನ್ನುವ ಹೆಣ್ಣಿನ ಹಾಸಿಗೆಯ ಪಕ್ಕಕ್ಕೆ ಕನ್ನಡ ಬಂದು, “ತಾಯಿ, ಇಷ್ಟು ದಾರಿ ಇದೆ, ನಿನಗೆ ಯಾವುದು ಬೇಕು?” ಎಂದು ಕೇಳಿ, ಅವಳ ಉತ್ತರಕ್ಕೆ ಕಾದು, ಆ ಉತ್ತರದಂತೆ ನಡೆದುಕೊಂಡ ದಿನ ಉಳಿದರ್ಧವೂ ನಮ್ಮದು.